ಸ್ಪೇಸ್ ಅಲರ್ಟ್: ಎರಡನೇ ಹಂತ ದಾಟುವಷ್ಟರಲ್ಲಿ ಹಡಗು ಚೂರು. ಎಡವುತ್ತಿರೋದು ಎಲ್ಲಿ?

ಆಕಾಶಬುಟ್ಟಿ:

ಸ್ಪೇಸ್ ಅಲರ್ಟ್ ಅಂದ್ರೆ ಎಲ್ಲರೂ ಸೇರಿ ಒಂದು ಬಾಹ್ಯಾಕಾಶ ಹಡಗು ಉಳಿಸುವ ಬೋರ್ಡ್ ಆಟ: ಧ್ವನಿಮುದ್ರಿಕೆ ಓಡುವಾಗ ಕಾರ್ಡ್ ಕವುಚಿ ಇಟ್ಟು ಯೋಜನೆ ಮಾಡೋದು, ಆಮೇಲೆ ಒಂದೊಂದೇ ಟರ್ನ್ ಬಿಡಿಸಿ ನೋಡೋದು. ಹಡಗಿಗೆ ಕೆಂಪು, ಬಿಳಿ (ಮಧ್ಯ), ನೀಲಿ ಅಂತ ಮೂರು ವಲಯ, ಮೇಲೆ ಕೆಳಗೆ ಎರಡು ಡೆಕ್. ನಮ್ಮದು ನಾಲ್ಕು ಜನ ಆಡುವ ತಂಡ. 7 ಟರ್ನ್‌ಗಳ ಪರೀಕ್ಷಾ ಹಾರಾಟಗಳೆಲ್ಲ ಸಲೀಸು. 12 ಟರ್ನ್‌ಗಳ (1-3, 4-7, 8-12 ಅಂತ ಮೂರು ಹಂತದ) ಪೂರ್ತಿ ಆಟಕ್ಕೆ ಬಂದ ಕೂಡಲೇ ಕಥೆ ಮುಗಿಯುತ್ತೆ. ಟರ್ನ್ 8 ಅಥವಾ 9ರಲ್ಲಿ ಕೆಂಪು ವಲಯಕ್ಕೆ ಏಳನೇ ಪೆಟ್ಟು ಬಿದ್ದು ಹಡಗು ಹೋಗುತ್ತೆ. ಇತ್ತೀಚಿನ ಆಟದ ಮುಖ್ಯ ಭಾಗ ಹೀಗಿತ್ತು. ಕೆಂಪು ವಲಯದಲ್ಲಿ ಟಿ ಪ್ಲಸ್ 2ಕ್ಕೆ (ಅಂದ್ರೆ ಟರ್ನ್ 2ರಲ್ಲಿ) ಬಂದ ಶತ್ರುವಿಗೆ ಕವಚ 2, ಜೀವ 5, ವೇಗ 2. ಎ, ಬಿ, ಸಿ ಅಂದ್ರೆ ನಿಂತ ಜಾಗದ ಗುಂಡಿಗಳು: ಎ ಗನ್, ಬಿ ಎನರ್ಜಿ, ಸಿ ಆ ಜಾಗದ ವಿಶೇಷ ಕೆಲಸ. ಬಾಣ ಅಂದ್ರೆ ಆ ಬಣ್ಣದ ಕಡೆಗೆ ಒಂದು ವಲಯ ನಡೆಯೋದು, ಲಿಫ್ಟ್ ಅಂದ್ರೆ ಇನ್ನೊಂದು ಡೆಕ್ಕಿಗೆ ಹೋಗೋದು. ಎಲ್ಲರೂ ಮೇಲಿನ ಬಿಳಿಯಿಂದ ಶುರು.

ಕ್ಯಾಪ್ಟನ್ (1): ಟರ್ನ್ 1 ಸಿ (ಕಂಪ್ಯೂಟರ್), 2 ಕೆಂಪು ಬಾಣ, 3 ಎ, 4 ಎ, 5 ಎ, 6 ಎ
ಆಟಗಾರ 2: 1 ನೀಲಿ ಬಾಣ, 2 ಸಿ (ರೋಬಾಟ್), ಆಮೇಲೆ ನೀಲಿ ವಲಯದಲ್ಲೇ ಕಾವಲು
ಆಟಗಾರ 3: 1 ಕೆಂಪು ಬಾಣ, 2 ಲಿಫ್ಟ್, 3 ಖಾಲಿ, 4 ಖಾಲಿ, 5 ಬಿ, 6 ಎ
ಆಟಗಾರ 4: 1 ಲಿಫ್ಟ್, 2 ಬಿ (ಇಂಧನ), 3 ಖಾಲಿ, 4 ಖಾಲಿ, 5 ಎ

ಒಂದು ಶತ್ರುವಿನ ಮೇಲೆ ಕ್ಯಾಪ್ಟನ್ ಒಬ್ಬರೇ ನಾಲ್ಕು ಸಲ ಎ ಇಟ್ಟಿದ್ದರೂ ಅದು ಸಾಯಲಿಲ್ಲ. ಬಿಡಿಸಿ ನೋಡುವಾಗ ಟರ್ನ್ 5ರಲ್ಲಿ ಗನ್ ಹಾರಲೇ ಇಲ್ಲ, 6ರಲ್ಲಿ ಎಲ್ಲರೂ ತಡವಾದೆವು. ಹಡಗಿಗೆ ಗನ್ ಬಲ ಸಾಲದಾ, ಅಥವಾ ನಮ್ಮ ಕಾರ್ಡುಗಳೇ ಸರಿಯಿಲ್ವಾ? 2011ರ ವಿಸ್ತರಣೆ, ನ್ಯೂ ಫ್ರಾಂಟಿಯರ್, ತಗೊಂಡರೆ ಏನಾದರೂ ಸುಲಭ ಆಗುತ್ತಾ?

ಹಸಿರುಘನ:

ಗನ್ ಬಲ ಬೇಕಾದಷ್ಟಿದೆ. ನೀವು ಅದನ್ನ ಚಿಲ್ಲರೆ ಚಿಲ್ಲರೆಯಾಗಿ ಖರ್ಚು ಮಾಡ್ತಿದ್ದೀರಿ, ಅಷ್ಟೇ.

ಮೊದಲು ಕವಚದ ಲೆಕ್ಕ. ಒಂದು ಟರ್ನ್‌ನಲ್ಲಿ ಒಂದು ಶತ್ರುವಿಗೆ ಬಿದ್ದ ಪೆಟ್ಟನ್ನೆಲ್ಲ ಕೂಡಿಸಿ, ಆಮೇಲೆ ಕವಚವನ್ನ ಒಂದೇ ಸಲ ಕಳೆಯಬೇಕು. ಮೇಲಿನ ಕೆಂಪಿನ ಗನ್ ಹೆವಿ ಲೇಸರ್, ಅದರ ಬಲ 4. ಒಂಟಿಯಾಗಿ ಹೊಡೆದರೆ 4ರಲ್ಲಿ 2 ಹೋಗಿ ಒಳಗೆ ಇಳಿಯೋದು 2. ಹೀಗೆ ಜೀವ 5 ಮುಗಿಸಲು ಮೂರು ಟರ್ನ್, ಮೂರು ಎನರ್ಜಿ ಬೇಕು. ಅದು ಬರೋದು ಆ ವಲಯದ ರಿಯಾಕ್ಟರಿನಿಂದ. ಕೆಂಪು ರಿಯಾಕ್ಟರ್‌ನಲ್ಲಿ ಶುರುವಿಗೆ ಇರೋದೇ 2. ಅಂದ್ರೆ ಟರ್ನ್ 4ರ ಕೊನೆಗೆ ಶತ್ರುವಿಗೆ ಜೀವ 1 ಉಳಿದಿದೆ, ನಿಮ್ಮ ರಿಯಾಕ್ಟರ್ ಸೊನ್ನೆ.

ಅದೇ ಹೊತ್ತಿಗೆ ಕೆಳಗಿನ ಡೆಕ್‌ನಲ್ಲಿ ಆಟಗಾರ 3 ಎರಡು ಟರ್ನ್ ಸುಮ್ಮನೆ ನಿಂತಿದ್ದಾರೆ, ಅದೂ ಲೈಟ್ ಲೇಸರ್ ಪಕ್ಕದಲ್ಲೇ! ಅದರ ಬಲ 2, ಸ್ವಂತ ಬ್ಯಾಟರಿ, ರಿಯಾಕ್ಟರ್‌ನಿಂದ ಏನೂ ಬೇಡ. ಒಂಟಿಯಾಗಿ ಹೊಡೆದರೆ ಕವಚ 2ರ ಮುಂದೆ ಶೂನ್ಯ, ನಿಜ. ಆದರೆ ಟರ್ನ್ 3ರಲ್ಲಿ ಇಬ್ಬರೂ ಒಟ್ಟಿಗೆ ಎ ಇಟ್ಟಿದ್ದರೆ 4 ಮತ್ತು 2 ಸೇರಿ 6, ಕವಚ ಕಳೆದು 4. ಜೀವ 1 ಉಳೀತು. ಟರ್ನ್ 4ರಲ್ಲಿ ಕ್ಯಾಪ್ಟನ್ ಇನ್ನೊಂದು ಹೊಡೆತ, ಮುಗೀತು. ಇಂಧನಕ್ಕೆ ಕೈ ಹಾಕುವ ಅಗತ್ಯವೇ ಬರಲ್ಲ. ಶತ್ರು ದೂರ 2ರೊಳಗೆ (ದಾರಿಯ ಕೊನೆಯ 10 ಚೌಕದೊಳಗೆ) ಬಂದಿದ್ದರೆ ಬಿಳಿ ವಲಯದ ಕೆಳಗಿನ ಪಲ್ಸ್ ಕ್ಯಾನನ್ನಿನ 1 ಕೂಡ ಸೇರುತ್ತೆ: 4, 2, 1 ಸೇರಿ 7, ಕವಚ ಕಳೆದು ಸರಿಯಾಗಿ 5. ಒಂದೇ ಟರ್ನ್.

ಟರ್ನ್ 5ರಲ್ಲಿ ಗನ್ ಯಾಕೆ ಹಾರಲಿಲ್ಲ ಅನ್ನೋದು ಬೇರೆಯದೇ ತೊಂದರೆ. ಒಂದು ಟರ್ನ್‌ನೊಳಗೆ ಎಲ್ಲರ ಕೆಲಸ ಒಟ್ಟಿಗೆ ಆಗಲ್ಲ, ಕ್ಯಾಪ್ಟನ್‌ನಿಂದ ಶುರುವಾಗಿ ಸರದಿಯಲ್ಲಿ ಆಗುತ್ತೆ. ಪೆಟ್ಟಿನ ಲೆಕ್ಕ ಮಾತ್ರ ಎಲ್ಲರೂ ಮುಗಿಸಿದ ಮೇಲೆ. ನಿಮ್ಮ ಕ್ಯಾಪ್ಟನ್ ಖಾಲಿ ರಿಯಾಕ್ಟರ್ ಮೇಲೆ ಎ ಒತ್ತಿದರು, ಆಮೇಲೆ 3ನೆಯವರು ಬಿ ಒತ್ತಿ ಅದನ್ನ ತುಂಬಿಸಿದರು. ಇಬ್ಬರ ಜಾಗ ಅದಲುಬದಲಾಗಿದ್ದರೆ ಅದೇ ಕಾರ್ಡುಗಳಲ್ಲಿ ಗನ್ ಹಾರುತ್ತಿತ್ತು. ಹಾಗಾಗಿ ಎನರ್ಜಿ ತುಂಬಿಸುವವರು ಸರದಿಯಲ್ಲಿ ಮುಂದಿರಲಿ, ಇಲ್ಲವೇ ಒಂದು ಟರ್ನ್ ಮೊದಲೇ ತುಂಬಿಸಲಿ.

ಮಧ್ಯದ ರಿಯಾಕ್ಟರನ್ನ ಪೂರ್ತಿ ತುಂಬಿಸುವ ಇಂಧನದ ಗುಳಿಗೆ ಇರೋದು ಮೂರೇ. ಮಧ್ಯದ ರಿಯಾಕ್ಟರ್ ಹಿಡಿಯೋದು 5, ಶುರುವಿಗೆ 3 ಇರುತ್ತೆ. ಟರ್ನ್ 2ರಲ್ಲೇ ಗುಳಿಗೆ ಹಾಕಿದರೆ ಸಿಕ್ಕಿದ್ದು ಬರೀ 2 ಎನರ್ಜಿ, ಮಿಕ್ಕ 3 ದಂಡ. ಮೊದಲು ಮಧ್ಯದಿಂದ ಅಕ್ಕಪಕ್ಕಕ್ಕೆ ಎಳೆದುಕೊಂಡು, ಖಾಲಿಯಾದ ಮೇಲೆ ಗುಳಿಗೆ. ಇಲ್ಲಿ ಸರದಿ ನಿಮಗೆ ಅನುಕೂಲಕ್ಕೇ ಇದೆ: 3ನೆಯವರು ಬಿ ಒತ್ತಿ ಎಳೆದುಕೊಳ್ಳಲಿ, ಅದೇ ಟರ್ನ್‌ನಲ್ಲಿ 4ನೆಯವರು ಗುಳಿಗೆ ಹಾಕಲಿ.

ವಿಸ್ತರಣೆ ಸದ್ಯಕ್ಕೆ ಬೇಡ. ಒಂದೇ ಟರ್ನ್‌ನಲ್ಲಿ ಎರಡು ಕೆಲಸ ಮಾಡಿಸುವ ಕಾರ್ಡು ಬರುತ್ತೆ ನಿಜ, ಜೊತೆಗೆ ಇನ್ನೂ ಕೆಟ್ಟ ಶತ್ರುಗಳೂ ಬರ್ತಾವೆ.

ನಿಧಾನಿ:

ಟರ್ನ್ 6ರ ತಡಕ್ಕೆ ಕಾರಣ ಕಂಪ್ಯೂಟರ್. ಮೇಲಿನ ಬಿಳಿ ವಲಯದಲ್ಲಿ ಯಾರಾದರೂ ಒಬ್ಬರು ಪ್ರತಿ ಹಂತದ ಮೊದಲ ಎರಡು ಟರ್ನ್‌ನೊಳಗೆ ಸಿ ಒತ್ತಬೇಕು: 1 ಅಥವಾ 2, 4 ಅಥವಾ 5, 8 ಅಥವಾ 9. ತಪ್ಪಿದರೆ 3, 6, 10ನೇ ಟರ್ನ್‌ಗಳಲ್ಲಿ ಎಲ್ಲರೂ ತಡ. ಮೊದಲ ಹಂತದಲ್ಲಿ ಇದು ಮರೆಯೋದು ಕಡಿಮೆ, ಯಾಕಂದ್ರೆ ಎಲ್ಲರೂ ಅಲ್ಲಿಂದಲೇ ಶುರು ಮಾಡ್ತಾರೆ. ಎರಡನೇ ಹಂತದ ಹೊತ್ತಿಗೆ ಎಲ್ಲರೂ ಅಕ್ಕಪಕ್ಕದ ವಲಯ ಸೇರಿರ್ತಾರೆ, ಬಿಳಿಗೆ ವಾಪಸ್ ಬರೋಕೆ ಒಂದು ಟರ್ನ್ ಹಿಡಿಯುತ್ತೆ, ಕೆಳಗಿನ ಡೆಕ್‌ನಲ್ಲಿದ್ದರೆ ಎರಡು. ಕೆಳಗಿದ್ದವರಿಗೆ ಟರ್ನ್ 4ಕ್ಕೆ ಹೊಳೆದರೆ ಆಗಲೇ ಹೊತ್ತು ಮೀರಿರುತ್ತೆ. ಮೊದಲ ಹಂತ ನಡೀತಿರುವಾಗಲೇ "ನಾಲ್ಕಕ್ಕೆ ಕಂಪ್ಯೂಟರ್ ನಂದು" ಅಂತ ಒಬ್ಬರು ಒಪ್ಪಿಕೊಂಡು ಆ ಕಾರ್ಡ್ ಇಟ್ಟುಬಿಡಬೇಕು. ಎರಡನೇ ಹಂತದ ಜಾಗಗಳಿಗೆ ಮೊದಲ ಹಂತದಲ್ಲೇ ಕಾರ್ಡ್ ಇಡಬಹುದು. ಹಂತ ಮುಗಿದಾಗ ಬೀಗ ಬೀಳೋದು ಆ ಹಂತದ ಜಾಗಗಳಿಗೆ ಮಾತ್ರ.

ತಡ ಅಂದ್ರೆ ಏನಾಗುತ್ತೆ ಅಂತ ಸರಿಯಾಗಿ ನೋಡಿ. ಆ ಟರ್ನ್‌ನ ಕಾರ್ಡ್ ಮುಂದಿನ ಜಾಗಕ್ಕೆ ಸರಿಯುತ್ತೆ. ಅಲ್ಲೂ ಕಾರ್ಡಿದ್ದರೆ ಅದೂ ಸರಿಯುತ್ತೆ, ಹೀಗೆ ಖಾಲಿ ಜಾಗ ಸಿಗುವವರೆಗೂ. ಸರಪಳಿ 12 ದಾಟಿದರೆ ಕೊನೆಯ ಕಾರ್ಡ್ ಹೋಯ್ತು. ಒಂದು ತಡಕ್ಕೇ ಹಡಗು ಮುಳುಗಲ್ಲ. ಅದರ ಹಿಂದಿನ ಪ್ರತಿ ಕೆಲಸ ಒಂದು ಟರ್ನ್ ಆಚೀಚೆ ಆಗಿ, ಇಬ್ಬರು ಸೇರಿ ಹೊಡೆಯಬೇಕಿದ್ದ ಕಡೆ ಒಬ್ಬರೇ ಹೊಡೆದು ಕವಚಕ್ಕೆ ಬಡಿದು ಬರ್ತಾರಲ್ಲ, ಮುಳುಗಿಸೋದು ಅದು. ಮಧ್ಯೆ ಬೇಕಂತಲೇ ಒಂದು ಖಾಲಿ ಜಾಗ ಬಿಟ್ಟಿದ್ದರೆ ತಡ ಅಲ್ಲಿಗೇ ಇಂಗಿಹೋಗುತ್ತೆ, ಅದರಾಚೆಯ ಕಾರ್ಡುಗಳು ಅಲ್ಲಾಡಲ್ಲ. 12 ಜಾಗಕ್ಕೂ ಕಾರ್ಡ್ ತುಂಬುವ ಚಪಲ ಬಿಡಿ. 7ನೇ ಜಾಗ ಖಾಲಿ ಇಟ್ಟರೆ ಎರಡನೇ ಹಂತದ ಎಡವಟ್ಟು ಮೂರನೆಯದಕ್ಕೆ ಹೋಗಲ್ಲ.

ಲಿಫ್ಟ್ ಕೂಡ ಹೀಗೇ ಕಾಡುತ್ತೆ. ಒಂದು ವಲಯದ ಲಿಫ್ಟ್‌ನಲ್ಲಿ ಒಂದು ಟರ್ನ್‌ಗೆ ಒಬ್ಬರೇ. ಎರಡನೆಯವರು ಹೋಗಿಬಿಡ್ತಾರೆ, ಆದರೆ ತಡವಾಗ್ತಾರೆ. ಮೇಲೆ ಹೋಗ್ತಿದ್ದಾರಾ ಕೆಳಗಾ ಅನ್ನೋದು ಲೆಕ್ಕಕ್ಕಿಲ್ಲ. ಬಿಳಿ ಲಿಫ್ಟ್‌ಗೆ ಟರ್ನ್ 1ರಲ್ಲೇ ಇಬ್ಬರು ನುಗ್ಗೋದು ತೀರಾ ಸಾಮಾನ್ಯ. ಲಿಫ್ಟ್ ಮೇಲೆ ಪೆಟ್ಟಿನ ಬಿಲ್ಲೆ ಬಿದ್ದಿದ್ದರಂತೂ ಅದನ್ನ ಬಳಸಿದವರೆಲ್ಲ ತಡ. ಆದ್ದರಿಂದ ಲಿಫ್ಟ್ ಕಾರ್ಡ್ ಇಡುವಾಗ ಬಾಯಿಬಿಟ್ಟು ಹೇಳಿ: "ಕೆಂಪು ಲಿಫ್ಟ್, ಎರಡು." ಅಷ್ಟು ಸಾಕು.

ಮೂರನೇಟರ್ನ್:

ಮೇಲಿನವರಿಬ್ಬರೂ ಹೇಳಿದ್ದು ಸರಿ. ಆದರೆ ಇಷ್ಟೆಲ್ಲ ಲೆಕ್ಕವನ್ನ ಸುಮಾರು ಹತ್ತು ನಿಮಿಷದ ಧ್ವನಿಮುದ್ರಿಕೆ ಓಡ್ತಿರುವಾಗ ಮಾಡಬೇಕಲ್ಲ, ತಂಡಗಳು ಸೋಲೋದು ಅಲ್ಲಿ. ಟೇಬಲ್ ಮೇಲಿನ ಶಿಸ್ತಿನ ಬಗ್ಗೆ ಸ್ವಲ್ಪ.

ಯೋಚಿಸುವಾಗ ಗೊಂಬೆಗಳನ್ನೂ ಹಸಿರು ಎನರ್ಜಿ ಘನಗಳನ್ನೂ ನಿಜವಾಗಿ ಸರಿಸಿ. ಕಾರ್ಡ್ ಕವುಚಿ ಇಟ್ಟ ಕೂಡಲೇ ನಿಮ್ಮ ಗೊಂಬೆ ಹೊಸ ಜಾಗಕ್ಕೆ ಹೋಗಬೇಕು, ಎ ಇಟ್ಟರೆ ಆ ರಿಯಾಕ್ಟರ್‌ನ ಒಂದು ಘನ ಹೊರಗೆ ಬರಬೇಕು. ಹೀಗೆ ಮಾಡಿದರೆ ಟರ್ನ್ 5ರಲ್ಲಿ ಕೆಂಪು ಖಾಲಿ ಅನ್ನೋದು ಕಣ್ಣಿಗೇ ಕಾಣುತ್ತೆ, ಯಾರೂ ಹೇಳಬೇಕಿಲ್ಲ. ಬಿಡಿಸುವ ಮೊದಲು ಎಲ್ಲವನ್ನೂ ಶುರುವಿನ ಜಾಗಕ್ಕೆ ವಾಪಸ್ ಇಡೋದು ಮರೀಬೇಡಿ: ಮಧ್ಯ 3, ಅಕ್ಕಪಕ್ಕ ತಲಾ 2, ಶೀಲ್ಡ್ ತಲಾ 1.

ಮಾತಾಡುವಾಗ ವಾಕ್ಯ ಬೇಡ. "ಹೆವಿ ಕೆಂಪು, ಮೂರು, ನಾಲ್ಕು." ಗನ್, ವಲಯ, ಟರ್ನ್, ಅದೇ ಕ್ರಮದಲ್ಲಿ. "ನಾನು ಆ ಕಡೆ ಹೋಗಿ ಅದನ್ನ ಹೊಡೀತೀನಿ" ಅಂತ ಶುರು ಮಾಡಿದರೆ ಮುಗಿಯುವಷ್ಟರಲ್ಲಿ ಸಂಪರ್ಕ ಕಡಿತ ಬಂದಿರುತ್ತೆ. ಆ ಗೊರಗೊರ ಸದ್ದು ಕೇಳ್ತಿರುವಷ್ಟು ಹೊತ್ತು ಮಾತಾಡುವಂತಿಲ್ಲ. ಆದರೆ ಕಾರ್ಡ್ ಇಡಬಹುದು. ನಿಮ್ಮದೇ ಕಾರ್ಡುಗಳ ದಿಕ್ಕು ಸರಿಯಿದೆಯಾ ಅಂತ ಎತ್ತಿ ನೋಡೋಕೆ ಅದಕ್ಕಿಂತ ಒಳ್ಳೆ ಹೊತ್ತು ಬೇರೆ ಇಲ್ಲ. ಪ್ರತಿ ಕಾರ್ಡಿನ ಒಂದು ಅರ್ಧ ನಡಿಗೆ, ಇನ್ನೊಂದು ಅರ್ಧ ಗುಂಡಿ. ತಲೆಕೆಳಗಾಗಿ ಇಟ್ಟರೆ ಎ ಒತ್ತಬೇಕಾದವರು ನೀಲಿ ಕಡೆ ನಡೆದುಹೋಗ್ತಾರೆ, ಅಲ್ಲಿಂದಾಚೆ ಅವರ ಎಲ್ಲ ಕಾರ್ಡೂ ತಪ್ಪು ವಲಯದಲ್ಲಿ.

ಕಾರ್ಡ್ ವಿನಿಮಯದ ಘೋಷಣೆ ಬಂದಾಗ ಪ್ರತಿಯೊಬ್ಬರೂ ಒಂದು ಕಾರ್ಡ್ ಇನ್ನೊಬ್ಬರಿಗೆ ಕೊಡಬಹುದು. ಆಗ ಹುಡುಕೋಕೆ ಕೂತರೆ ಸಮಯ ಸಿಗಲ್ಲ. "ನನಗೆ ಲಿಫ್ಟ್ ಇಲ್ಲ", "ಬಿ ಎರಡು ಜಾಸ್ತಿ ಇದೆ" ಅಂತ ಮೊದಲೇ ಹೇಳಿರಿ. ಒಳಬರುವ ಮಾಹಿತಿ ಅಂದಾಗ ಎಲ್ಲರೂ ಕಾರ್ಡಿನ ಕಟ್ಟಿನಿಂದ ಒಂದೊಂದು ಎತ್ತಿಕೊಳ್ಳೋದು ಬಿಡಬೇಡಿ, ಗಲಾಟೆಯಲ್ಲಿ ಇದು ತಪ್ಪಿಹೋಗುತ್ತೆ. ಅಂದಹಾಗೆ ನೀವು ನಾಲ್ವರು. ಖಚಿತವಾಗದ ವರದಿ ಅಂತ ಬರುವ ಶತ್ರುಗಳು ಐದು ಜನ ಆಡುವಾಗ ಮಾತ್ರ ನಿಜ. ಅವನ್ನೂ ಬೋರ್ಡ್ ಮೇಲೆ ಇಡ್ತಿದ್ದರೆ ಇಷ್ಟು ದಿನ ಐವರ ಹೊರೆ ನಾಲ್ವರು ಹೊತ್ತಿದ್ದೀರಿ ಅಂತ ಅರ್ಥ.

ಒಂದು ವಿಷಯಕ್ಕೆ ತಕರಾರು ಇದೆ. "ನೀಲಿ ವಲಯದಲ್ಲೇ ಕಾವಲು" ಅಂತ ಬರೆದಿದ್ದೀರಲ್ಲ, ಈ ಒಬ್ಬರಿಗೊಂದು ವಲಯ ಹಂಚುವ ಪದ್ಧತಿ ಪರೀಕ್ಷಾ ಹಾರಾಟಕ್ಕೆ ಸರಿ, ಇಲ್ಲಿ ನಡೆಯಲ್ಲ. ಜೊತೆಯಲ್ಲಿ ಹೊಡೆಯೋಕೆ ಒಂದು ವಲಯಕ್ಕೆ ಇಬ್ಬರು ಬೇಕು. ವಲಯ ಹಂಚಬೇಡಿ, ಶತ್ರು ಹಂಚಿ. ಯಾವ ಶತ್ರುವನ್ನ ಯಾವ ಟರ್ನ್‌ನಲ್ಲಿ ಯಾರಿಬ್ಬರು ಕೊಲ್ಲೋದು ಅಂತ.

ಆಕಾಶಬುಟ್ಟಿ:

ಖಚಿತವಾಗದ ವರದಿಗಳನ್ನ ಇಡ್ತಾ ಇದ್ದೆವು. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು!

ಎರಡು ಪ್ರಶ್ನೆ. ಶೀಲ್ಡ್ ಮೊದಲೇ ತುಂಬಿಸಿಟ್ಟರೆ ಒಳ್ಳೇದಲ್ವಾ? ಮತ್ತೆ ರಾಕೆಟ್, ಇಂಟರ್‌ಸೆಪ್ಟರ್ (ಹಡಗಿನಿಂದ ಹೊರಗೆ ಹಾರಿ ಹೊಡೆಯುವ ವಿಮಾನಗಳು) ಇವೆರಡು ಯಾವಾಗ? ನಮ್ಮ ರಾಕೆಟ್‌ಗಳು ಒಂದೋ ತಪ್ಪು ಶತ್ರುವಿಗೆ ಹೋಗ್ತಾವೆ, ಇಲ್ಲ ಹಾಳಾಗ್ತಾವೆ.

ಹಸಿರುಘನ:

ಶೀಲ್ಡ್ ತುಂಬುವ ಎನರ್ಜಿ ಆ ವಲಯದ ರಿಯಾಕ್ಟರ್‌ನಿಂದಲೇ ಹೋಗುತ್ತೆ. ಕೆಂಪು ಶೀಲ್ಡ್ ಹಿಡಿಯೋದು 2, ಶುರುವಿಗೆ 1. ಮೇಲಿನ ಕೆಂಪಿನಲ್ಲಿ ಬಿ ಒತ್ತಿದರೆ ರಿಯಾಕ್ಟರ್‌ನ 2ರಲ್ಲಿ 1 ಶೀಲ್ಡ್‌ಗೆ ಹೋಗಿ, ಹೆವಿ ಲೇಸರ್‌ಗೆ ಒಂದೇ ಹೊಡೆತ ಉಳಿಯುತ್ತೆ. ಶೀಲ್ಡ್‌ನಲ್ಲಿರುವ 1 ಎನರ್ಜಿ ಒಂದು ಪೆಟ್ಟು ತಡೆದು ಖಾಲಿಯಾಗುತ್ತೆ. ಅದೇ 1 ಎನರ್ಜಿ ಗನ್‌ಗೆ ಹೋದರೆ ಬಲ 4. ಕೊಲ್ಲೋಕೆ ಆಗುವ ಶತ್ರುವಾದರೆ ಗನ್. ಮುಂದಿನ ಎಕ್ಸ್ ಅಥವಾ ವೈ (ದಾರಿಯಲ್ಲಿ ಶತ್ರು ದಾಟಿದಾಗ ಪೆಟ್ಟು ಕೊಡುವ ಗುರುತುಗಳು) ದಾಟುವ ಮೊದಲು ಸಾಯಲ್ಲ ಅಂತ ಗೊತ್ತಿದ್ದರೆ ಮಾತ್ರ ಶೀಲ್ಡ್, ಅದೂ ಅದು ದಾಟುವ ಟರ್ನ್‌ಗೆ ಸರಿಯಾಗಿ. ಬಿಳಿ ಶೀಲ್ಡ್ 3 ಹಿಡಿಯುತ್ತೆ, ಆದರೆ ಮೂರು ವಲಯಕ್ಕೂ ಹಂಚುವ ಮಧ್ಯದ ರಿಯಾಕ್ಟರ್‌ನಿಂದ ಎಳೆಯುತ್ತೆ. ಬಿ ಒತ್ತಿದ ಆ ಒಂದು ಟರ್ನ್‌ನಲ್ಲಿ ನೀವು ಇಬ್ಬರ ಗನ್ ಕಿತ್ತುಕೊಂಡಿರಬಹುದು.

ರಾಕೆಟ್: ಕೆಳಗಿನ ನೀಲಿಯಲ್ಲಿ ಸಿ. ಒಟ್ಟು ಮೂರು, ಬಲ 3, ದೂರ 2ರವರೆಗೆ. ಒತ್ತಿದ ಮುಂದಿನ ಟರ್ನ್‌ನಲ್ಲಿ ಬಡಿಯುತ್ತೆ, ಆ ಕ್ಷಣಕ್ಕೆ ಹಡಗಿಗೆ ಅತಿ ಹತ್ತಿರ ಇರುವ ಶತ್ರುವಿಗೆ, ಅದು ಯಾವ ವಲಯದಲ್ಲೇ ಇರಲಿ. ದಾರಿಯ ಕೊನೆಯ 5 ಚೌಕ ದೂರ 1, ಅದಕ್ಕೂ ಹಿಂದಿನ 5 ದೂರ 2, ಉಳಿದದ್ದೆಲ್ಲ ದೂರ 3. ಹಾಗಾಗಿ "ಈಗ ಎಲ್ಲಿದೆ" ಅಂತ ನೋಡಬೇಡಿ, ಒಂದು ಸಲ ಸರಿಸಿ "ಮುಂದಿನ ಟರ್ನ್‌ಗೆ ಎಲ್ಲಿರುತ್ತೆ, ಅದಕ್ಕಿಂತ ಹತ್ತಿರ ಬೇರೆ ಯಾವುದಾದರೂ ಇರುತ್ತಾ" ಅಂತ ನೋಡಿ. ವ್ಯಾಪ್ತಿಯಲ್ಲಿ ಏನೂ ಇಲ್ಲದಿದ್ದರೆ ರಾಕೆಟ್ ದಂಡ. ಗನ್ ಬಡಿಯುವ ಟರ್ನ್‌ಗೇ ರಾಕೆಟ್ ಬಡಿಯುವಂತೆ ಒಂದು ಟರ್ನ್ ಮೊದಲೇ ಸಿ ಇಡಿ, ಎರಡೂ ಸೇರಿ ಕವಚ ಕಳೆಯೋದು ಒಂದೇ ಸಲ.

ನಿಧಾನಿ:

ಇಂಟರ್‌ಸೆಪ್ಟರ್ ದುಬಾರಿ. ಮೊದಲು ಕೆಳಗಿನ ಕೆಂಪು ಅಥವಾ ಮೇಲಿನ ನೀಲಿಯಲ್ಲಿ ಸಿ ಒತ್ತಿ ರೋಬಾಟ್ ಜೊತೆ ಮಾಡಿಕೊಳ್ಳಬೇಕು, ಆಮೇಲೆ ಮೇಲಿನ ಕೆಂಪಿಗೆ ಬಂದು ಮತ್ತೆ ಸಿ. ಹೊಡೆಯೋದು ದೂರ 1ರಲ್ಲಿ ಇರುವುದಕ್ಕೆ ಮಾತ್ರ: ಒಂದೇ ಶತ್ರು ಇದ್ದರೆ ಬಲ 3, ಹೆಚ್ಚಿದ್ದರೆ ಎಲ್ಲಕ್ಕೂ 1. ಒಂದು ಶತ್ರು ದಾರಿಯ ಕೊನೆಯ ಗುರುತಾದ ಝಡ್ ಹತ್ತಿರ ಬಂದು, ಗನ್‌ಗಳಿಗೆ ಎನರ್ಜಿ ಇಲ್ಲದ ಹೊತ್ತಿಗೆ ಪ್ರಯೋಜನ. ಅದಕ್ಕಿಂತ ಹೆಚ್ಚಾಗಿ ಆ ರೋಬಾಟ್ ಬೇಕಾಗೋದು ಹಡಗಿನೊಳಗೆ ನುಗ್ಗಿದವರಿಗೆ. ತಿರುಗಿ ಹೊಡೆಯುವ ನುಸುಳುಕೋರರ ಮುಂದೆ ರೋಬಾಟ್ ಕೆಟ್ಟು ಕೂರುತ್ತೆ, ಅದನ್ನ ಮತ್ತೆ ಎಬ್ಬಿಸೋಕೂ ಆ ಎರಡು ಜಾಗಗಳಲ್ಲೊಂದಕ್ಕೆ ಹೋಗಿ ಸಿ ಒತ್ತಬೇಕು. ಹೋಗಿಬರುವ ಟರ್ನ್‌ಗಳನ್ನೂ ಲೆಕ್ಕ ಹಾಕಿ.

ಕಿಟಕಿಯಿಂದ ಹೊರಗೆ ನೋಡುವುದು, ಅಂದ್ರೆ ಕೆಳಗಿನ ಬಿಳಿಯ ಸಿ, ಬರೀ ಅಂಕಕ್ಕೆ. ಹಡಗು ಉಳಿಯೋಕೆ ಶುರುವಾದ ಮೇಲೆ ಅದರ ಮಾತು.

ಆಕಾಶಬುಟ್ಟಿ:

ಅದೇ ಶತ್ರುವಿಗೆ ಹೊಸ ಯೋಜನೆ. ತಪ್ಪಿದ್ದರೆ ಹೇಳಿ.

ಕ್ಯಾಪ್ಟನ್: 1 ಸಿ, 2 ಕೆಂಪು ಬಾಣ, 3 ಎ, 4 ಎ, 5 ಖಾಲಿ
ಆಟಗಾರ 2: 1 ನೀಲಿ ಬಾಣ, 2 ಸಿ (ರೋಬಾಟ್), 3 ಕೆಂಪು ಬಾಣ, 4 ಸಿ (ಕಂಪ್ಯೂಟರ್)
ಆಟಗಾರ 3: 1 ಕೆಂಪು ಬಾಣ, 2 ಲಿಫ್ಟ್, 3 ಎ, 4 ಎ, 5 ಬಿ
ಆಟಗಾರ 4: 1 ಲಿಫ್ಟ್, 2 ಖಾಲಿ, 3 ಖಾಲಿ, 4 ಎ (ಪಲ್ಸ್), 5 ಬಿ (ಇಂಧನ)

ಹಸಿರುಘನ:

ಶತ್ರು ಸಾಯುತ್ತೆ. ಆದರೆ ಟರ್ನ್ 4ರಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊಡೀತಿದ್ದೀರಿ. ಟರ್ನ್ 3ರ ಜೋಡಿ ಹೊಡೆತದ ಮೇಲೆ ಉಳಿಯೋದು ಜೀವ 1. ಆಗ ಶತ್ರು ದೂರ 2ಕ್ಕೆ ಬಂದಿದ್ದರೆ ಲೈಟ್ ಲೇಸರ್ 2, ಪಲ್ಸ್ 1, ಒಟ್ಟು 3, ಕವಚ ಕಳೆದು 1. ಅಷ್ಟೇ ಸಾಕು. ಕ್ಯಾಪ್ಟನ್ ಎ ತೆಗೆದು ಬಿ ಇಟ್ಟು ಕೆಂಪು ಶೀಲ್ಡ್ 2 ಮಾಡಿಕೊಳ್ಳಲಿ. ಶತ್ರು ಬಂದಿರುವ ದಾರಿ ಉದ್ದವಾಗಿದ್ದು ಆ ಹೊತ್ತಿಗೂ ದೂರ 3ರಲ್ಲೇ ಇದ್ದರೆ ಉಲ್ಟಾ: ಪಲ್ಸ್ ತೆಗೆದುಬಿಡಿ, ಕ್ಯಾಪ್ಟನ್ ಹೊಡೆಯಲಿ. ವ್ಯಾಪ್ತಿಯಲ್ಲಿ ಗುರಿ ಇಲ್ಲದಿದ್ದರೂ ಪಲ್ಸ್ ಒತ್ತಿದರೆ ಎನರ್ಜಿ ಹೋಗುತ್ತೆ.

ಟರ್ನ್ 5 ಸರಿಯಾಗಿದೆ. ಪಲ್ಸ್ ಬಳಸಿದ ಲೆಕ್ಕದಲ್ಲಿ ಮಧ್ಯದಲ್ಲಿ 2 ಉಳಿದಿರುತ್ತೆ, ಕೆಂಪು ಸೊನ್ನೆ. 3ನೆಯವರು ಆ 2 ಎಳೆದುಕೊಳ್ತಾರೆ, ಆಮೇಲೆ 4ನೆಯವರ ಗುಳಿಗೆಗೆ ಪೂರ್ತಿ 5 ಸಿಗುತ್ತೆ.

ನಿಧಾನಿ:

2ನೆಯವರ ಐದನೇ ಜಾಗ ಖಾಲಿ ಇರಲಿ. ಏನೋ ಆಗಿ ತಡವಾದರೂ ಕಂಪ್ಯೂಟರ್ ಐದಕ್ಕಾದರೂ ಆಗುತ್ತೆ. ಈಗ ಟರ್ನ್ 8 ಯಾರದು? ಹೊಸ ಯೋಜನೆಯಲ್ಲೂ ಕಾಣಲಿಲ್ಲ. ಕ್ಯಾಪ್ಟನ್ ಮೇಲಿನ ಕೆಂಪಿನಲ್ಲೇ ಇರೋದರಿಂದ 7ಕ್ಕೆ ನೀಲಿ ಬಾಣ, 8ಕ್ಕೆ ಸಿ. ಆಗ ಕ್ಯಾಪ್ಟನ್ 6ನೇ ಜಾಗ ಖಾಲಿ ಬಿಟ್ಟುಕೊಳ್ಳಬೇಕು, 7 ಅಲ್ಲ.